ನೆಲಮಂಗಲವೋ ಹೊಸಕೋಟೆಯೋ: ಬೆಂಗಳೂರಿನ ಗೋದಾಮು ಪಟ್ಟಿಗಳ ವಿಮರ್ಶೆ

ಬೆಂಗಳೂರಿನ ಸುತ್ತ ಗೋದಾಮು ಹುಡುಕಲು ಹೊರಟವರಿಗೆ ದಲ್ಲಾಳಿ ಮೊದಲು ಹೇಳುವುದು ಚದರಡಿಯ ಬಾಡಿಗೆ. ಹೆದ್ದಾರಿಯಿಂದ ಗೇಟಿನವರೆಗಿನ ದಾರಿ ಹೇಗಿದೆ ಎಂಬುದು ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಒಂದು ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಚದರಡಿಯ ಶೆಡ್, ದಿನಕ್ಕೆ ನಗರದೊಳಕ್ಕೆ 40 ಗಾಡಿ, ತಿಂಗಳಿಗೆ 26 ದಿನ ಕೆಲಸ. ಚದರಡಿಗೆ 2 ರೂಪಾಯಿ ಅಗ್ಗವೆಂದು 12 ಕಿಮೀ ಆಚೆ ಹೋದರೆ ಬಾಡಿಗೆಯಲ್ಲಿ ತಿಂಗಳಿಗೆ 2 ಲಕ್ಷ ಉಳಿಯುತ್ತದೆ. ಆದರೆ ಹೋಗಿ ಬರುವ 24 ಕಿಮೀ, 40 ಗಾಡಿ, 26 ದಿನ ಸೇರಿದರೆ ಸುಮಾರು 25,000 ಕಿಮೀ ಹೆಚ್ಚುವರಿ ಓಟ. ಕಿಮೀಗೆ 30 ರೂಪಾಯಿ ಹಿಡಿದರೂ ಏಳೂವರೆ ಲಕ್ಷ. ಟೋಲ್ ಇನ್ನೂ ಸೇರಿಸಿಲ್ಲ. ಹೆದ್ದಾರಿಗಳ ಉದ್ದಕ್ಕೆ ಗೋದಾಮುಗಳು ಸಾಲುಗಟ್ಟಿದ ಪಟ್ಟಿಗಳನ್ನು ಇಲ್ಲಿ ತೂಗಿರುವುದು ಇದೇ ತಕ್ಕಡಿಯಲ್ಲಿ.

ನೆಲಮಂಗಲ–ದಾಬಸ್‌ಪೇಟೆ ಪಟ್ಟಿಯ ದೊಡ್ಡ ಬಲ ಎರಡು ಹೆದ್ದಾರಿಗಳ ಕೂಡು. ತುಮಕೂರು, ಹುಬ್ಬಳ್ಳಿ, ಪುಣೆ, ಮುಂಬೈ ಕಡೆಯ ಹೆದ್ದಾರಿ 48 ಮತ್ತು ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿ 75 ಕವಲೊಡೆಯುವುದು ನೆಲಮಂಗಲದಲ್ಲೇ. ಸರಕು ಮುಂಬೈ ಬಳಿಯ ಭಿವಂಡಿ ಅಥವಾ ಗುಜರಾತ್ ಕಡೆಯಿಂದ ಬಂದು ಅರ್ಧ ಉತ್ತರ ಕರ್ನಾಟಕಕ್ಕೆ, ಅರ್ಧ ಬೆಂಗಳೂರಿಗೆ ಹಂಚಿಹೋಗುವುದಾದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಂಗಳೂರು ಬಂದರನ್ನು ನಂಬಿದವರು ಮಾತ್ರ ಶಿರಾಡಿ ಘಾಟಿಯನ್ನು ಮರೆಯಬಾರದು. ಮಳೆಗಾಲದಲ್ಲಿ ಗುಡ್ಡ ಕುಸಿದು ಭಾರಿ ವಾಹನಗಳಿಗೆ ದಾರಿ ಬಂದ್ ಆಗುವುದು ಅಲ್ಲಿ ಹೊಸದೇನಲ್ಲ. ಜೂನ್‌ಗೆ ಮೊದಲೇ ಹೆಚ್ಚುವರಿ ದಾಸ್ತಾನಿಗೆ ಜಾಗ ಇಟ್ಟುಕೊಳ್ಳಬೇಕು.

ಈ ಪಟ್ಟಿಯ ದೌರ್ಬಲ್ಯ ನಗರದ ದಿಕ್ಕಿನಲ್ಲಿದೆ. ಬೆಂಗಳೂರಿಗೆ ಇರುವ ನೇರ ದಾರಿ ಒಂದೇ, ತುಮಕೂರು ರಸ್ತೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಂತಿತು. ಸಣ್ಣ ವಾಹನಗಳಿಗೆ ಬೇಗ ಬಿಟ್ಟರೂ ಲಾರಿಗಳು ಮೇಲೆ ಹತ್ತಿದ್ದು 2024ರಲ್ಲಿ. ಅಷ್ಟು ದಿನ ಲಾರಿಗಳಿಗೆ ಕೆಳಗಿನ ಸಿಗ್ನಲ್‌ಗಳೇ ಗತಿ. ಶೆಡ್ ಎಷ್ಟೇ ಚೆನ್ನಾಗಿದ್ದರೂ ಇಂಥ ಹೊತ್ತಿನಲ್ಲಿ ಅದರಿಂದ ಉಪಯೋಗವಿಲ್ಲ. ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆ, ಹೊಸೂರು ರಸ್ತೆ ಕಡೆ ಹೋಗಬಹುದು, ಆದರೆ ಅದರ ಟೋಲನ್ನು ಪ್ರತಿ ಟ್ರಿಪ್ಪಿಗೂ ಬರೆದುಕೊಳ್ಳಬೇಕು. ಕೆಲಸಗಾರರ ವಿಷಯದಲ್ಲಿ ಒಂದು ಅನುಕೂಲವಾಗಿದೆ: ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬರುತ್ತಿದೆ. ಮಾಕಳಿ, ನೆಲಮಂಗಲದ ಶೆಡ್‌ಗಳಿಗೆ ಅಲ್ಲಿಂದ ಬಸ್ಸು ಸಿಗುತ್ತದೆ. ದಾಬಸ್‌ಪೇಟೆಗೆ ಈ ಲಾಭವಿಲ್ಲ, ಕಂಪನಿಯ ಬಸ್ಸೇ ಬೇಕು.

ಹೊಸಕೋಟೆ–ನರಸಾಪುರ–ಮಾಲೂರು ಪಟ್ಟಿಯದು ಬೇರೆಯೇ ಗುಣ. ಮುಖ ಚೆನ್ನೈ ಬಂದರಿನ ಕಡೆ. ಆಮದು ಕಂಟೇನರ್ ರೈಲಿನಲ್ಲಿ ಬಂದರೆ ವೈಟ್‌ಫೀಲ್ಡಿನ ಕಂಟೇನರ್ ಡಿಪೋ ಹತ್ತಿರ. ರಸ್ತೆಯಲ್ಲಿ ಬಂದರೆ ಕೋಲಾರದ ಹೆದ್ದಾರಿ ಹೇಗೂ ಇದೆ. ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಹೊಸಕೋಟೆಯಿಂದಲೇ. ಅದರ ಒಟ್ಟು ಉದ್ದ 262 ಕಿಮೀ, ಕರ್ನಾಟಕದ ಭಾಗದಲ್ಲಿ 2024ರ ಕೊನೆಯಿಂದ ವಾಹನ ಓಡುತ್ತಿವೆ. ಆದರೆ ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಆ ದಿನ ಲಾರಿ ಎಲ್ಲಿಯವರೆಗೆ ಹೋಗುತ್ತದೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಿರಿ. ‘ಮುಂದೆ ಬರಲಿದೆ’ ಎಂಬ ರಸ್ತೆಗೆ ಇವತ್ತೇ ಬಾಡಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ. ದಾಬಸ್‌ಪೇಟೆ–ದೊಡ್ಡಬಳ್ಳಾಪುರ ನಡುವೆ ಬರಬೇಕಿರುವ ಮುದ್ದೇಲಿಂಗನಹಳ್ಳಿಯ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕಿಗೂ ಇದೇ ಮಾತು.

ಹೊಸಕೋಟೆಯಿಂದ ನಗರಕ್ಕೆ ಬರುವಾಗ ಕೆ.ಆರ್. ಪುರ ತೂಗುಸೇತುವೆ, ಟಿನ್ ಫ್ಯಾಕ್ಟರಿಯ ಕುತ್ತಿಗೆ ದಾಟಬೇಕು. ವೈಟ್‌ಫೀಲ್ಡ್, ಮಾರತ್‌ಹಳ್ಳಿ, ಸರ್ಜಾಪುರದ ಗಿರಾಕಿಗಳೇ ಹೆಚ್ಚಿದ್ದರೆ ಇದು ಅಷ್ಟು ಕಾಡುವುದಿಲ್ಲ. ರಾಜಾಜಿನಗರ, ಚಿಕ್ಕಪೇಟೆಗೆ ಸರಕು ಕಳಿಸುವವರಿಗೆ ಈ ಪಟ್ಟಿ ಬೇಡವೇ ಬೇಡ.

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಹೊಸಕೋಟೆಗೆ ಬರುವ ಸ್ಯಾಟಲೈಟ್ ರಿಂಗ್ ರಸ್ತೆಯ ಸುಮಾರು 80 ಕಿಮೀ ಭಾಗ 2024ರಲ್ಲಿ ತೆರೆದ ಮೇಲೆ ಎರಡು ಪಟ್ಟಿಗಳ ಲೆಕ್ಕವೇ ಬದಲಾಗಿದೆ. ಮುಂಬೈ ಸರಕನ್ನು ನಗರ ಹೊಗದೆ ಹೊಸಕೋಟೆಗೆ, ಚೆನ್ನೈ ಸರಕನ್ನು ದಾಬಸ್‌ಪೇಟೆಗೆ ತರಬಹುದು. ಹಾಗಾಗಿ ಸರಕು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ನಗರದ ಯಾವ ಮೂಲೆಗೆ ಹೋಗುತ್ತದೆ ಎಂಬುದಕ್ಕೇ ಈಗ ತೂಕ ಹೆಚ್ಚು. ದೊಡ್ಡ ಟ್ರೇಲರ್ ಬರುವುದು ಕೆಲವೇ ಸಲ, ಕ್ಯಾಂಟರ್‌ಗಳು ಹೊರಡುವುದು ದಿನಕ್ಕೆ ಹತ್ತಾರು.

ಅತ್ತಿಬೆಲೆ–ಬೊಮ್ಮಸಂದ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಸೂರಿನ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವವರಿಗೆ ಸರಿ, ಉಳಿದವರಿಗೆ ಹೊಸೂರು ರಸ್ತೆಯ ದಟ್ಟಣೆ ದುಬಾರಿ.

ಇನ್ನು ಶೆಡ್ಡಿನ ವಿಷಯ. ಜಾಹೀರಾತಿನಲ್ಲಿ ‘ನೆಲಕ್ಕೆ ಚದರ ಮೀಟರಿಗೆ 5 ಟನ್’ ಎಂದಿರುತ್ತದೆ. ರ್‍ಯಾಕ್ ಹಾಕುವವರಿಗೆ ಅದು ಸಾಲದು. ನಾಲ್ಕು ಮಟ್ಟದ ತೊಲೆಗಳು, ಒಂದೊಂದರ ಮೇಲೆ ಟನ್ ತೂಕದ ಎರಡು ಪ್ಯಾಲೆಟ್ (ಸರಕು ಪೇರಿಸಿದ ಹಲಗೆ) ಎಂದರೆ ನಡುವಿನ ಪ್ರತಿ ಫ್ರೇಮಿನ ಮೇಲೆ 8 ಟನ್, ಅದರ ಒಂದೊಂದು ಕಾಲಿನ ಕೆಳಗೆ 4 ಟನ್, ಅದೂ ಅಂಗೈ ಅಗಲದ ತಗಡಿನ ಮೇಲೆ. ಕೇಳಬೇಕಾದ್ದು ಕಾಲಿನ ಬಿಂದುಭಾರ, ಕಾಂಕ್ರೀಟಿನ ದಪ್ಪ ಮತ್ತು ಕೆಳಗಿನ ಮಣ್ಣನ್ನು ದಮ್ಮಸ್ಸು ಮಾಡಿದ ಪರೀಕ್ಷಾ ವರದಿ. ಶಿವಗಂಗೆ ಕಡೆಯ ಇಳಿಜಾರು ನೆಲದಲ್ಲಿ ಅರ್ಧ ಕಡಿದು ಅರ್ಧ ತುಂಬಿ ಸಮ ಮಾಡಿದ ಜಾಗದಲ್ಲಿ, ಎರಡೂ ಕೂಡುವ ಗೆರೆಯ ಉದ್ದಕ್ಕೇ ಬಿರುಕು ಬೀಳುವುದು. ಹಳೆಯ ಕುಂಟೆ ಮುಚ್ಚಿದ ಜಾಗ ಇನ್ನೂ ಕಷ್ಟ. ಊರಿನ ಹಿರಿಯರನ್ನು ವಿಚಾರಿಸಿ, ಗ್ರಾಮ ನಕ್ಷೆಯನ್ನೂ ತೆಗೆಸಿ ನೋಡಿ.

ಡಾಕ್, ಅಂದರೆ ಲಾರಿಗೆ ಸರಕು ಏರಿಸಿ ಇಳಿಸುವ ಕಟ್ಟೆಯ ಎತ್ತರ ಸಾಮಾನ್ಯವಾಗಿ 1.2 ಮೀಟರ್. 32 ಅಡಿ ಕಂಟೇನರ್ ಲಾರಿಗೆ ಸರಿಹೊಂದುತ್ತದೆ, ಟಾಟಾ ಏಸ್‌ನಂಥ ಸಣ್ಣ ಗಾಡಿ ತೀರಾ ಕೆಳಗಾಗುತ್ತದೆ. ಸಣ್ಣ ಗಾಡಿಗಳೇ ಹೆಚ್ಚಾದರೆ ನೆಲಮಟ್ಟದ ಬಾಗಿಲು ಇಲ್ಲವೇ ಇಳಿಜಾರು ಬೇಕು. ಇಲ್ಲದಿದ್ದರೆ ಹಮಾಲರು ಪ್ರತಿ ಪೆಟ್ಟಿಗೆಯನ್ನೂ ಕೈಯಲ್ಲಿ ಇಳಿಸಬೇಕಾಗುತ್ತದೆ. ಡಾಕ್ ಮುಂದಿನ ಅಂಗಳ 16.5 ಮೀಟರ್ ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. 40 ಅಡಿ ಟ್ರೇಲರ್ ಅದನ್ನು ಎಳೆಯುವ ಮುಂಭಾಗ ಸೇರಿ 16 ಮೀಟರಿನಷ್ಟಾಗುತ್ತದೆ, ನಿಲ್ಲಬಹುದು ಅಷ್ಟೆ. ತಿರುಗಿಸಿ ಹಿಮ್ಮುಖ ಹಾಕಲು ಸುಮಾರು ಅದರ ದುಪ್ಪಟ್ಟು ಬೇಕು.

ಕಾಗದಪತ್ರದಲ್ಲಿ ಸಿಕ್ಕಿಹಾಕಿಕೊಳ್ಳುವವರೇ ಹೆಚ್ಚು. ಪಹಣಿಯಲ್ಲಿ ಇನ್ನೂ ಕೃಷಿ ಜಮೀನೆಂದು ಇದ್ದರೆ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆದ ಪರಿವರ್ತನೆಯ ಆದೇಶ ಕೇಳಿ, ಯಾವ ಉದ್ದೇಶಕ್ಕೆ ಎಂಬ ಸಾಲನ್ನೂ ಓದಿ. ಜಮೀನು ಪರಿಶಿಷ್ಟರಿಗೆ ಸರ್ಕಾರದಿಂದ ಮಂಜೂರಾದದ್ದೇ ಎಂದು ಮೂಲ ದಾಖಲೆ ನೋಡಿ: ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ‘ಮಾರಿ ಬಹಳ ವರ್ಷವಾಯಿತು’ ಎಂಬ ಸಮಾಧಾನವನ್ನು ನಂಬಿ ಕೂರುವಂತಿಲ್ಲ. ನೆಲಮಂಗಲದ ಕಡೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಹರಿದು ಬರುವ ಪ್ರದೇಶದ ನಿರ್ಬಂಧಗಳನ್ನೂ ಸರ್ವೆ ನಂಬರ್ ಹಿಡಿದು ಪರಿಶೀಲಿಸಬೇಕು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಖಾಲಿ ಶೆಡ್ಡಿನದೋ, ನಿಮ್ಮ ಸರಕಿಗೂ ಹೊಂದುತ್ತದೋ ಕೇಳಿ. ಜಿಎಸ್‌ಟಿ ನೋಂದಣಿಗೆ ಈ ವಿಳಾಸವನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸುವಾಗ ಬಾಡಿಗೆ ಕರಾರು, ಇ-ಖಾತಾ, ಕರೆಂಟ್ ಬಿಲ್ ಮೂರರಲ್ಲೂ ಹೆಸರು ಮತ್ತು ಸ್ವತ್ತಿನ ಸಂಖ್ಯೆ ಒಂದೇ ಇರಲಿ.

ಕರಾರಿನಲ್ಲಿ ಬಾಡಿಗೆ ಕಟ್ಟುವ ಅಳತೆ ಯಾವುದೆಂದು ಬರೆಸಿ. ಡಾಕ್ ಮೇಲಿನ ಚಾವಣಿ, ಗಾರ್ಡ್ ಕೋಣೆ ಎಲ್ಲವನ್ನೂ ಚದರಡಿಗೆ ಸೇರಿಸುವವರಿದ್ದಾರೆ. ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಮುಂಗಡ ಕೊಡುವ ಮುನ್ನ 40 ಅಡಿ ಟ್ರೇಲರೊಂದನ್ನು ಬಾಡಿಗೆಗೆ ಹಿಡಿದು, ಮಳೆ ಬಂದ ದಿನ ಸಂಜೆ ಆರರ ಮೇಲೆ ಹೆದ್ದಾರಿಯಿಂದ ಡಾಕಿನವರೆಗೆ ಓಡಿಸಿ ನೋಡಿ. ಹಳ್ಳಿರಸ್ತೆಯ ತಿರುವು, ಜೋತುಬಿದ್ದ ವಿದ್ಯುತ್ ತಂತಿ, ರೈಲ್ವೆ ಕೆಳಸೇತುವೆಯಲ್ಲಿ ನಿಂತ ನೀರು ಎಲ್ಲಾ ಒಂದೇ ಸಲಕ್ಕೆ ಗೊತ್ತಾಗುತ್ತವೆ.