ವೈರಸ್ ಪ್ರೋಟೀನಿನ ಚಾರ್ಜ್ ಗುಂಪು: ವಿಂಡೋ, ಕಪ್ಪಾ, ಶಫಲ್‌ನಲ್ಲಿ ಯಾವುದು?

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ, ಅವುಗಳಲ್ಲಿ ಕೆಲವಕ್ಕೆ ಪ್ಲಸ್ ಅಥವಾ ಮೈನಸ್ ಚಾರ್ಜ್ ಇರುತ್ತದೆ. ಆ ಚಾರ್ಜ್ ಎಲ್ಲಿ ಗುಂಪುಗೂಡಿದೆ ಅಂತ ಸುಮ್ನೆ ನೋಡುವುದಾದರೆ ಸ್ಲೈಡಿಂಗ್ ವಿಂಡೋ ಸಾಕು, ಅಂದರೆ ಸರಪಳಿಯ ಮೇಲೆ ಒಂದೊಂದೇ ಹೆಜ್ಜೆ ಸರಿಯುವ ನಿಗದಿತ ಅಗಲದ ಕಿಟಕಿ. ಆರ್ಜಿನಿನ್, ಲೈಸಿನ್‌ಗೆ +1, ಆಸ್ಪಾರ್ಟೇಟ್, ಗ್ಲುಟಮೇಟ್‌ಗೆ -1 ಕೊಟ್ಟು ಸರಾಸರಿ ತೆಗೆಯುತ್ತಾ ಹೋಗಬೇಕು. ಎಚ್‌ಐವಿ-1ರ ಟ್ಯಾಟ್ ಪ್ರೋಟೀನನ್ನೇ ನೋಡಿ. ಸರಪಳಿಯ 49ನೇ ಸ್ಥಾನದಿಂದ 57ರವರೆಗೆ ಆರು ಆರ್ಜಿನಿನ್, ಎರಡು ಲೈಸಿನ್, ನಡುವೆ ಚಾರ್ಜಿಲ್ಲದ ಒಂದೇ ಒಂದು ಗ್ಲುಟಮಿನ್. 9ರ ವಿಂಡೋ ಇಟ್ಟರೆ ಇಲ್ಲಿ ಸರಾಸರಿ 0.89. ಗ್ರಾಫ್‌ನಲ್ಲಿ ಎದ್ದು ಕಾಣುತ್ತದೆ. ಅದೇ 41 ಇಟ್ಟರೆ ಶಿಖರ ತಗ್ಗುತ್ತದೆ. ಅಗಲ ನಮ್ಮಿಷ್ಟ ಅನ್ನುವುದೇ ಇದರ ದೊಡ್ಡ ತೊಂದರೆ.

ಕಪ್ಪಾ ಅನ್ನುವ ಅಳತೆ ಕೇಳುವ ಪ್ರಶ್ನೆಯೇ ಬೇರೆ. ಪ್ಲಸ್, ಮೈನಸ್ ಬೆರೆತಿದ್ದರೆ 0ಗೆ ಹತ್ತಿರ, ಬೇರೆಬೇರೆ ನಿಂತಿದ್ದರೆ 1ಕ್ಕೆ ಹತ್ತಿರ. ಪ್ರೋಟೀನಿನಲ್ಲಿ ನಿರ್ದಿಷ್ಟ ಆಕಾರಕ್ಕೆ ಮಡಚಿಕೊಳ್ಳದ ಭಾಗಗಳಿಗೆ ಚೆನ್ನಾಗಿದೆ. ಟ್ಯಾಟ್‌ನ ಈ ತುಣುಕಿನಲ್ಲಿ ಮೈನಸ್ಸೇ ಇಲ್ಲವಲ್ಲ, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಪಿ-ವ್ಯಾಲ್ಯೂ, ಅಂದರೆ ಇಂಥ ಗುಂಪು ಆಕಸ್ಮಿಕವಾಗಿಯೇ ಬರುವ ಸಾಧ್ಯತೆ ಎಷ್ಟು ಅನ್ನುವ ಅಂಕಿ, ಬೇಕು ಅಂದರೆ ಶಫಲ್. ನನ್ನ ಓಟು ಇದಕ್ಕೇ. ಪ್ರೋಟೀನಿನ ಅವೇ ಅಮೈನೋ ಆಮ್ಲಗಳನ್ನು ಇಸ್ಪೀಟ್ ಎಲೆಯಂತೆ 10,000 ಸಲ ಕಲಸಿ. ಅದೇ ವಿಂಡೋದಲ್ಲಿ ಇಷ್ಟು ದಟ್ಟ ಗುಂಪು ಎಷ್ಟು ಸಲ ತಾನಾಗಿ ಬರುತ್ತದೆ ಅಂತ ಎಣಿಸಿ. ಹಿಸ್ಟಿಡಿನ್ ಪಿಎಚ್ 7ರಲ್ಲಿ ಬಹುತೇಕ ತಟಸ್ಥ, 0 ಅಂತಲೇ ಇಡಿ. ಒಟ್ಟಿಗೆ ಹಲವು ಪ್ರೋಟೀನುಗಳನ್ನು ಪರೀಕ್ಷಿಸುತ್ತಿದ್ದರೆ ಪಿ-ವ್ಯಾಲ್ಯೂಗಳನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಇನ್ನೊಂದು, ಕೊರೊನಾದ ಸಾವಿರ ಪ್ರೋಟೀನ್ ಸರಣಿ (ಅಮೈನೋ ಆಮ್ಲಗಳ ಸಾಲು) ಹಾಕಿದರೆ ಸಾವಿರ ಸಾಕ್ಷಿ ಸಿಕ್ಕಂತಲ್ಲ. ಅವು ಹೆಚ್ಚುಕಮ್ಮಿ ಒಂದೇ, ಅಲ್ವಾ? ತೀರಾ ಹೋಲುವ ಸರಣಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಶುರು ಮಾಡಿ.