ಕಿವಿಗೋ, ಅಂಗೈಗೋ, ಸೊಂಟಕ್ಕೋ: ದಾರಿ ಹೇಳುವ ಮೂರು ಸಾಧನ

ಬೆಳಕು, ಕತ್ತಲೆ ಬಿಟ್ಟರೆ ನನ್ನ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಹನ್ನೊಂದು ವರ್ಷ ಆಯಿತು. ಎರಡು ತಿಂಗಳಿಂದ ಮೈಸೂರಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ, ಅದೇ 600 ಮೀಟರ್ ದಾರಿಯಲ್ಲಿ, ಮೂರು ಸಾಧನ ಹಾಕಿಕೊಂಡು ನಡೆದು ನೋಡಿದೆ. ಬಿಳಿ ಕೋಲು ಮೂರರ ಜೊತೆಗೂ ಇತ್ತು. ಅದನ್ನು ಬಿಡುವ ಮಾತೇ ಇಲ್ಲ.

ಮೊದಲನೆಯದು ಫೋನಿನ ಮ್ಯಾಪ್. ಹೊಸ ಜಾಗಕ್ಕೆ ಹೋಗುವಾಗ ಇದಿಲ್ಲದೆ ಆಗುವುದಿಲ್ಲ. ಆದರೆ ನಾನು ನಡೆಯುವುದೇ ಕಿವಿಯಿಂದ. ಕಾಂಪೌಂಡ್ ಗೋಡೆ ಮುಗಿದು ಗಲ್ಲಿ ಬಂದ ಕೂಡಲೇ ಸದ್ದು ಅಗಲವಾಗುತ್ತದೆ, ಅದೇ ನನ್ನ ಬೋರ್ಡು. ಸರಿಯಾಗಿ ಅದೇ ಹೊತ್ತಿಗೆ "ಎಡಕ್ಕೆ ತಿರುಗಿ" ಅಂತ ಫೋನು ಬಾಯಿ ಹಾಕುತ್ತದೆ. ಕೆನ್ನೆಯ ಮೂಳೆಯಿಂದ ಸದ್ದು ಕಳಿಸುವ ಹೆಡ್‌ಫೋನ್ ಹಾಕಿದೆ. ಕಿವಿ ಖಾಲಿ ಇತ್ತು, ಗಮನ ಖಾಲಿ ಇರಲಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಒಂದು ಪಕ್ಕದಲ್ಲೇ ಸುಯ್ ಅಂತ ಹೋದದ್ದು ಹೋದ ಮೇಲೆ ಗೊತ್ತಾಯಿತು. ಸಾಲದ್ದಕ್ಕೆ ಜಿಪಿಎಸ್ ಬಯಲಲ್ಲೇ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ನಮ್ಮ ರಸ್ತೆ ಅಗಲವೇ ಅಷ್ಟಿಲ್ಲ!

ಎರಡನೆಯದು ಕೋಲಿನ ಹಿಡಿಗೆ ಸಿಕ್ಕಿಸುವ ಅಲ್ಟ್ರಾಸೋನಿಕ್ ಯಂತ್ರ. ಬಾವಲಿಯ ಹಾಗೆ ಕಿವಿಗೆ ಕೇಳದ ಸದ್ದು ಬಿಟ್ಟು, ಅದು ತಾಗಿ ವಾಪಸ್ ಬರುವ ಸಮಯದಿಂದ ದೂರ ಅಳೆಯುತ್ತದೆ. ಹತ್ತಿರ ಹೋದಷ್ಟೂ ಹಿಡಿ ಜೋರಾಗಿ ನಡುಗುತ್ತದೆ. ನಿಂತ ಲಾರಿಯ ಹಿಂದೆ ಚಾಚಿದ ಕಬ್ಬಿಣದ ಸರಳು ಬಿಳಿ ಕೋಲಿಗೆ ಸಿಗುವುದಿಲ್ಲ, ನೇರ ಮುಖಕ್ಕೇ. ಇದು ಎರಡು ಸಲ ನನ್ನ ಹಣೆ ಉಳಿಸಿದೆ. ಕಷ್ಟ ಏನಂದರೆ, ಸಿಮೆಂಟು, ಮಣ್ಣು, ಮೋರಿ ಮೇಲೆ ಅಲ್ಲಾಡುವ ಚಪ್ಪಡಿ, ಎಲ್ಲವನ್ನೂ ಕೋಲು ಹೇಳುವುದು ಅದೇ ಅಂಗೈಗೆ. ಯಂತ್ರ ನಡುಗುವಾಗ ಅದೆಲ್ಲ ಮುಚ್ಚಿಹೋಗುತ್ತದೆ. ಸಂತೆ ದಿನ ಜನರ ಮಧ್ಯೆ ಅದು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಬೆರಳು ಜೋಮು ಹಿಡಿದಿತ್ತು.

ಮೂರನೆಯದು ಬೆಲ್ಟ್. ಒಬ್ಬ ಇಂಜಿನಿಯರಿಂಗ್ ಹುಡುಗ ಮಾಡಿಕೊಟ್ಟದ್ದು. ಸುತ್ತಲೂ 8 ಪುಟ್ಟ ಮೋಟಾರ್. ಉತ್ತರಕ್ಕೆ ಇರುವುದು ಮಾತ್ರ ಗುಂಯ್ ಅನ್ನುತ್ತದೆ, ಅಷ್ಟೇ. ಜರ್ಮನಿಯ ಓಸ್ನಾಬ್ರುಕ್ ವಿಶ್ವವಿದ್ಯಾಲಯದವರು ಇಂಥದ್ದನ್ನು ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಮಾಡಿ ನೋಡಿದ್ದಾರೆ.

ಮೊದಲ ದಿನ ಎಲ್ಲಾ ತಪ್ಪು. ಹುಡುಗ ಅವನ ಸೊಂಟಕ್ಕೆ ಅಳತೆ ಮಾಡಿದ್ದ. ನಾನು ಬಿಗಿದಾಗ ಎರಡು ಮೋಟಾರ್ ಒಂದರ ಮೇಲೊಂದು ಬಂದು, ಎಡಗಡೆಯದು ಬೆನ್ನಿಗೆ ಹೋಗಿ ಕೂತಿತ್ತು. ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಬೆಲ್ಟ್ ಹಾಕಿಸಿ, ಹಾಲ್‌ನಲ್ಲಿ ನಾಲ್ಕು ಸುತ್ತು ತಿರುಗಿಸಿದೆ. "ಅಕ್ಕಾ, ಇಡೀ ಹೊಟ್ಟೆನೇ ನಡುಗ್ತಿದೆ, ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ" ಅಂದ. ಆಮೇಲೆ ಸ್ಕೇಲು ಪಕ್ಕಕ್ಕಿಟ್ಟೆವು. ಹೊಕ್ಕುಳು, ಬೆನ್ನುಮೂಳೆ, ಎರಡು ಸೊಂಟದ ಮೂಳೆ, ಇವು ನಾಲ್ಕು ಗುರುತು. ಮಿಕ್ಕಿದ್ದು ನಡುನಡುವೆ. ಮೋಟಾರ್‌ಗಳನ್ನು ವೆಲ್ಕ್ರೋ ಮೇಲೆ ಜರುಗಿಸುವ ಹಾಗೆ ಮಾಡಿದ. ಊಟ ಆದ ಮೇಲೆ ಬೆಲ್ಟ್ ಬಿಗಿಯಾಗಿ ಗುಂಯ್ ಜಾಸ್ತಿ ಆಗುತ್ತದೆ, ಅದನ್ನು ಮಾತ್ರ ಇನ್ನೂ ಸರಿಮಾಡಲು ಆಗಿಲ್ಲ.

ಎರಡನೇ ವಾರ ಒಂದು ವಿಚಿತ್ರ ನಡೆಯಿತು. ಸೊಪ್ಪಿನ ಗಾಡಿ ಹತ್ತಿರ ಚೌಕಾಸಿ ಮಾಡಿ ತಿರುಗಿದರೆ ಮೊದಲೆಲ್ಲ ದಿಕ್ಕು ತಪ್ಪುತ್ತಿತ್ತು. ಆವತ್ತು ಯೋಚನೆ ಮಾಡದೆಯೇ ಕಾಲು ಸ್ಟಾಪಿನ ಕಡೆಗೆ ಹೋಯಿತು. ಎಡಗಡೆ ಗುಂಯ್ ಅಂದರೆ ಮುಖ ಪೂರ್ವಕ್ಕೆ ಅಂತ ಲೆಕ್ಕ ಹಾಕುವ ಕೆಲಸವೇ ಇರಲಿಲ್ಲ. 1969ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ಬಾಕ್-ಇ-ರೀಟಾ ಅವರು ಕುರ್ಚಿಯ ಬೆನ್ನಿಗೆ 400 ನಡುಗುವ ಕಡ್ಡಿ ಇಟ್ಟು, ಕ್ಯಾಮೆರಾದ ಚಿತ್ರವನ್ನು ಅಂಧರ ಬೆನ್ನ ಮೇಲೆ ಮೂಡಿಸಿದ್ದರು. ಕ್ಯಾಮೆರಾವನ್ನು ತಾವೇ ತಿರುಗಿಸಿ ಅಭ್ಯಾಸವಾದವರಿಗೆ ವಸ್ತು ಬೆನ್ನ ಮೇಲಲ್ಲ, ಎದುರಿಗೇ ಇದೆ ಅನ್ನಿಸಿತು. ನನಗೂ ಚಪ್ಪಡಿ ತಿಳಿಯುವುದು ಕೋಲಿನ ತುದಿಯಲ್ಲಿ, ಅಂಗೈಯಲ್ಲಲ್ಲ. ಅಲ್ವಾ ಮತ್ತೆ?

ಈಗ ದಿನಾ ಬೆಲ್ಟ್ ಹಾಕುತ್ತೇನೆ. ಮ್ಯಾಪ್ ಹೊಸ ಊರಿಗೆ ಮಾತ್ರ. ಹಿಡಿಯ ಯಂತ್ರವನ್ನು ಗೆಳೆಯನೊಬ್ಬನಿಗೆ ಕೊಟ್ಟೆ; ಆರಡಿ ಎತ್ತರ, ಎಲ್ಲಾ ಕೊಂಬೆಗೂ ತಲೆ ಕೊಡುವವನು. ಬೆಲ್ಟಿನಲ್ಲಿ ಬಲ ಹಿಂಭಾಗದ ಮೋಟಾರ್ ಹೋದ ವಾರ ಕೈಕೊಟ್ಟಿದೆ. ಅಂದರೆ ನೈಋತ್ಯಕ್ಕೆ ಮುಖ ಮಾಡಿದಾಗ ಸೊಂಟ ಮೌನ. ನಮ್ಮ ಗಲ್ಲಿ ಇರುವುದೂ ಆ ಕಡೆಗೇ. ಗುಂಯ್ ನಿಂತರೆ ಮನೆ ಬಂತು ಅಂತ ಈಗ ಗೊತ್ತಾಗುತ್ತಿದೆ. ಸರಿಮಾಡಿಸಲೋ ಬೇಡವೋ ಅಂತ ಯೋಚನೆ.