ವಿವಾ ಕ್ಯಾಸೆಟ್: ಇಷ್ಟು ವರ್ಷ ಬಿಟ್ಟು ಕೇಳಿದ್ದಕ್ಕೆ ಐದರಲ್ಲಿ ಮೂರು

ಅಟ್ಟ ಕ್ಲೀನ್ ಮಾಡುವಾಗ ಸಿಕ್ಕ ಕ್ಯಾಸೆಟ್ ಇದು. ವಿವಾ ಅಂತ ಹಿಂದಿ ಪಾಪ್ ಹಾಡುವ ಐದು ಹುಡುಗಿಯರ ಗುಂಪಿತ್ತು, ಅವರ ಮೊದಲ ಆಲ್ಬಂ, 2002ರದ್ದು. ನಾನು ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದಾಗ ತಂಗಿ ಜೊತೆ ದುಡ್ಡು ಕೂಡಿಸಿ ತಗೊಂಡಿದ್ದೆ. ಅರ್ಧ ನನ್ನದು, ಅರ್ಧ ಅವಳದು. ಆಮೇಲೆ ಅವಳು ಮದುವೆಯಾಗಿ ಸಿಂಧನೂರಿಗೆ ಹೋಗುವಾಗ ಬಿಟ್ಟುಹೋದ ಸಾಮಾನಿನಲ್ಲಿ ಇದೂ ಸೇರಿತ್ತು, ಹಾಗಾಗಿ ಈಗ ಪೂರ್ತಿ ನನ್ನದೇ ಅಂದುಕೊಂಡಿದ್ದೀನಿ.

ಮನೆಯಲ್ಲಿ ಈಗ ಟೇಪ್ ರೆಕಾರ್ಡರ್ ಎಲ್ಲಿದೆ? ಕೌಲ್ ಬಜಾರ್ ಕಡೆ ಮಿಕ್ಸಿ, ರೇಡಿಯೋ ರಿಪೇರಿ ಮಾಡುವ ಒಂದು ಪುಟ್ಟ ಅಂಗಡಿಯಲ್ಲಿ ಕ್ಯಾಸೆಟ್ ಹಾಡನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ ಅಂತ ಗೊತ್ತಾಗಿ ಹೋದೆ. ಅಂಗಡಿಯಣ್ಣ ಕವರ್ ಕೂಡ ನೋಡದೆ "ಯಾವ ದೇವರ ಭಜನಿ ಅಕ್ಕಾ ಇದು?" ಅಂದರು. ಪಾಪ, ಅವರ ಹತ್ತಿರ ಬರೋದೆಲ್ಲ ಅಂಥವೇ ಇರಬೇಕು.

ರೀಲಿಗೆ ಬಿಳಿ ಬೂಸ್ಟು ಹಿಡಿದಿತ್ತು. ಸಣ್ಣ ಸ್ಕ್ರೂ ಐದನ್ನೂ ಬಿಚ್ಚಿ, ರೀಲನ್ನು ಬೆರಳ ತುದಿಯಲ್ಲಿ ಎತ್ತಿ, ಹತ್ತಿಯಲ್ಲಿ ಒರೆಸಿ, ಬೇರೆ ಖಾಲಿ ಕ್ಯಾಸೆಟ್‌ನ ಡಬ್ಬಿಗೆ ಕೂಡಿಸಿದರು. ಇನ್ನೂರು ರೂಪಾಯಿ, ಎರಡು ದಿನ. ಕೆಲಸ ಚೆನ್ನಾಗಿದೆ. ಆದರೆ ಹಾಡು ಬಿಡಿಬಿಡಿಯಾಗಿ ಕತ್ತರಿಸಿಲ್ಲ. ಒಂದು ಸೈಡಿಗೆ ಒಂದೇ ಉದ್ದನೆ ಫೈಲು, ಬೇಕಾದ ಹಾಡು ಹುಡುಕೋಕೆ ಬೆರಳು ಸವೆಯುತ್ತೆ. ಎರಡನೇ ಸೈಡಿನಲ್ಲಿ ಒಂದು ಕಡೆ ದನಿ ನೀರಿನಲ್ಲಿ ಮುಳುಗಿ ಎದ್ದ ಹಾಗೆ ಕೇಳುತ್ತೆ. ಅದು ಅಂಗಡಿಯವರ ತಪ್ಪಲ್ಲ, ನಮ್ಮ ಹಳೆ ಟೇಪು ರೀಲು ನುಂಗಿದಾಗ ತಂಗಿ ಪೆನ್ಸಿಲ್ ತೂರಿಸಿ ಸುತ್ತಿದ ಜಾಗ ಅದು.

ಈಗ ಹಾಡಿನ ವಿಷಯ. ಚಾನೆಲ್ ವಿ ಅನ್ನೋ ಹಾಡಿನ ಟಿವಿ ಚಾನೆಲ್‌ನಲ್ಲಿ ಪಾಪ್‌ಸ್ಟಾರ್ಸ್ ಅಂತ, ಹಾಡೋರನ್ನು ಆರಿಸಿ ಗುಂಪು ಕಟ್ಟುವ ಕಾರ್ಯಕ್ರಮ ಬರುತ್ತಿತ್ತು, ನೆನಪಿದೆಯಾ? 1999ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶುರುವಾದ ಐಡಿಯಾ ಅದು. ಊರೂರಲ್ಲಿ ಆಡಿಷನ್, ಹುಡುಗಿಯರ ಅಳು, ಅವರ ಅಮ್ಮಂದಿರ ಅಳು, ಕೊನೆಗೆ ಉಳಿದವರು ಐದು ಜನ: ಪ್ರತೀಚಿ, ಸೀಮಾ, ಅನುಷ್ಕಾ, ನೇಹಾ, ಮಹುವಾ. ಅವರೇ ವಿವಾ. ನಾನು ನೇಹಾ ಪಾರ್ಟಿ, ತಂಗಿ ಅನುಷ್ಕಾ ಪಾರ್ಟಿ. ಅಪ್ಪ ಮನೆಗೆ ಬರೋದರೊಳಗೆ ಎಪಿಸೋಡ್ ಮುಗಿಯಬೇಕಿತ್ತು, ಅದೊಂದು ಟೆನ್ಷನ್ ಬೇರೆ.

ಇಷ್ಟೆಲ್ಲ ಜಗಳ ಆಡಿ ಕ್ಯಾಸೆಟ್ ತಂದು ಹಾಕಿದರೆ, ಯಾವ ಸಾಲು ಯಾರದ್ದು ಅಂತಲೇ ತಿಳಿಯುತ್ತಿರಲಿಲ್ಲ! ನನ್ನ ದೂರು ಆಗಲೂ ಇದೇ, ಈಗಲೂ ಇದೇ. ಒಬ್ಬೊಬ್ಬರ ದನಿ ಅಳೆದು ತೂಗಿ ಆರಿಸಿದವರು, ಆರಿಸಿದ ಮೇಲೆ ಐದನ್ನೂ ಒಟ್ಟಿಗೆ ಕಲಸಿ ಮುದ್ದೆ ಮಾಡಿಬಿಟ್ಟಿದ್ದಾರೆ. 'ಹಮ್ ನಯೇ ಗೀತ್ ಸುನಾಯೇ' ಮಾತ್ರ ಇವತ್ತಿಗೂ ಕಾಲು ಕುಣಿಸುತ್ತೆ, ಅದಕ್ಕೇ ಎರಡು ಸ್ಟಾರ್. ಉಳಿದ ಹಾಡೆಲ್ಲ ಸೇರಿ ಒಂದು.

2003ರಲ್ಲಿ ಎರಡನೇ ಆಲ್ಬಂ ಬಂತು, 'ವಿವಾ ರೀಲೋಡೆಡ್'. ಅಷ್ಟರಲ್ಲಿ ಮಹುವಾ ಬಿಟ್ಟಿದ್ದರು, ನಾವೂ ಕ್ಯಾಸೆಟ್ ಕೊಳ್ಳೋದು ಬಿಟ್ಟಿದ್ದೆವು. ಚಾನೆಲ್‌ನವರು ಆಗಲೇ ಮುಂದಿನ ಸೀಸನ್‌ನಲ್ಲಿ ಆಸ್ಮಾ ಅಂತ ಇನ್ನೊಂದು ಗುಂಪು ಕಟ್ಟಿದ್ದರು (ಈಗಿನ ಸಿನಿಮಾ ಗಾಯಕಿ ನೀತಿ ಮೋಹನ್ ಅದರಲ್ಲೇ ಇದ್ದದ್ದು), ಇವರನ್ನು ಕೇಳೋರು ಯಾರು? ಅತ್ತ ಇಂಗ್ಲೆಂಡ್‌ನಲ್ಲೂ ಅದೇ 2002ರಲ್ಲಿ ಇದೇ ಥರದ ಟಿವಿ ಸ್ಪರ್ಧೆಯಿಂದ ಗರ್ಲ್ಸ್ ಅಲೌಡ್ ಅಂತ ಐದು ಹುಡುಗಿಯರ ಗುಂಪು ಹುಟ್ಟಿತು. ಅವರದ್ದು ಸಾಲಾಗಿ 20 ಹಾಡು ಅಲ್ಲಿನ ಟಾಪ್ ಹತ್ತಕ್ಕೆ ಬಂದವು. ಅವರಿಗೆ ಜ಼ೆನೋಮೇನಿಯಾ ಅಂತ ಒಂದೇ ತಂಡ ವರ್ಷಗಟ್ಟಲೆ ಕೂತು ಹಾಡು ಮಾಡಿಕೊಟ್ಟಿತು. ನಮ್ಮಲ್ಲಿ ಹಾಡು ಅಂದರೆ ಸಿನಿಮಾ, ಮುಗೀತು.

ಹಾಗಂತ ದನಿ ಎಲ್ಲೂ ಹೋಗಲಿಲ್ಲ, ನೋಡಿ. 2017ರ 'ಜೈ ಲವ ಕುಶ' ತೆಲುಗು ಸಿನಿಮಾದ 'ಸ್ವಿಂಗ್ ಜರಾ' ಬಳ್ಳಾರಿಯಲ್ಲಿ ಯಾರು ಕೇಳಿಲ್ಲ ಹೇಳಿ. ನಮ್ಮ ಬೀದಿಯ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಹೊಲಿಗೆ ಮಿಷನ್ ಸದ್ದಿನ ಮೇಲೆ ದಿನಕ್ಕೆ ಮೂರು ಸಲ ಕೂಗುತ್ತಿತ್ತು. ಅದು ನಮ್ಮ ನೇಹಾ ಭಸಿನ್ ದನಿ! ನನಗೆ ಗೊತ್ತಾಗಿದ್ದು ಹೋದ ವಾರ, ಈ ಕ್ಯಾಸೆಟ್ ನೆಪದಲ್ಲಿ ಹುಡುಕಿದಾಗ. ಐದು ಜನರ ಮಧ್ಯೆ ನಾನು ಕಿವಿ ಹಚ್ಚಿ ಹುಡುಕಿದ ದನಿ, ಒಬ್ಬಳೇ ಹಾಡಿದಾಗ ಗುರುತು ಸಿಗಲಿಲ್ಲ.

ಹಳೆ ಕ್ಯಾಸೆಟ್ ಎಲ್ಲಾದರೂ ಸಿಕ್ಕರೆ ಐವತ್ತು ರೂಪಾಯಿ ತನಕ ಕೊಡಬಹುದು, ಅದಕ್ಕಿಂತ ಜಾಸ್ತಿ ಬೇಡ. ನಾನು ಫೈಲನ್ನು ತಂಗಿಗೆ ವಾಟ್ಸಾಪ್ ಮಾಡಿದೆ. ಪೂರ್ತಿ ಕೇಳಿದಳೋ ಇಲ್ಲವೋ, ಹತ್ತು ನಿಮಿಷಕ್ಕೆ ಮೆಸೇಜು ಬಂತು: "ಅಕ್ಕಾ, ಅರ್ಧ ನಂದೈತಿ, ಕ್ಯಾಸೆಟ್ ಕೊಟ್ಟು ಕಳಿಸು."